ದುರ್ನಡತೆಯ ಕಾರಣಕ್ಕೆ ವಜಾಗೊಂಡ ಮೇಲೆ ಹೊಸ ಕೆಲಸ ಹುಡುಕುವಾಗ ಏನು ಹೇಳಬೇಕು?

ಪ್ರಶ್ನೆ (ರಾಣೆಬೆನ್ನೂರಿನಿಂದ)

ಎಲ್ಲರಿಗೂ ನಮಸ್ಕಾರ. ನನಗೆ ೩೩ ವರ್ಷ. ಕಿರುಸಾಲ ನೀಡುವ ಒಂದು ಸಂಸ್ಥೆಯಲ್ಲಿ ಆರು ವರ್ಷ ನಾಲ್ಕು ತಿಂಗಳು ಫೀಲ್ಡ್ ಆಫೀಸರ್ ಆಗಿದ್ದೆ. ಬೆಳಿಗ್ಗೆ ಏಳು ಗಂಟೆಗೆ ಹಳ್ಳಿಯ ಸಂಘದ ಸಭೆಗೆ ಹೋಗಿ, ಮಹಿಳೆಯರು ತಂದ ವಾರದ ಕಂತನ್ನು ಎಣಿಸಿಕೊಂಡು, ಅವರ ಪಾಸ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ, ಮಧ್ಯಾಹ್ನದೊಳಗೆ ಶಾಖೆಯಲ್ಲಿ ಹಣ ಕಟ್ಟುವುದು ನನ್ನ ಕೆಲಸವಾಗಿತ್ತು. ಐದು ತಿಂಗಳ ಹಿಂದೆ ತಾಯಿಯನ್ನು ಇದ್ದಕ್ಕಿದ್ದಂತೆ ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ಎರಡು ಸಂಘಗಳಿಂದ ಬಂದಿದ್ದ ೧೮,೪೦೦ ರೂಪಾಯಿಯನ್ನು ತಡವಾಗಿ, ಅಂದರೆ ಮೂರನೆಯ ದಿನ, ಜಮಾ ಮಾಡಿದೆ. ಅಷ್ಟರಲ್ಲಿ ಲೆಕ್ಕತಪಾಸಣೆಯವರು ಸಂಘಕ್ಕೇ ಹೋಗಿ ಪಾಸ್‌ಬುಕ್ ನೋಡಿದ್ದರು. ಆರೋಪಪಟ್ಟಿ ಬಂತು, ನಾನು ಲಿಖಿತವಾಗಿ ಒಪ್ಪಿಕೊಂಡೆ, ದುರ್ನಡತೆ ಎಂದು ಕಾರಣ ನೀಡಿ ವಜಾ ಮಾಡಿದರು. ಪೊಲೀಸರಿಗೆ ದೂರು ಕೊಡಲಿಲ್ಲ.

ಆಮೇಲೆ ಎರಡು ಸಂಸ್ಥೆಗಳ ಸಂದರ್ಶನದಲ್ಲಿ ಆಯ್ಕೆಯಾಗಿದ್ದೆ. ಎರಡೂ ಕಡೆ ಹಳೆಯ ಸಂಸ್ಥೆಯನ್ನು ವಿಚಾರಿಸಿದ ಮೇಲೆ ಫೋನ್ ಬರುವುದು ನಿಂತಿತು. ಈಗ ಹುಬ್ಬಳ್ಳಿಯ ಒಬ್ಬ ಏಜೆಂಟರು, ೬,೦೦೦ ರೂಪಾಯಿ ಕೊಟ್ಟರೆ ಬೇರೊಂದು ಕಂಪನಿಯ ಅನುಭವ ಪತ್ರ ಮತ್ತು ರಿಲೀವಿಂಗ್ ಲೆಟರ್ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಉಳಿತಾಯ ಮುಗಿಯುತ್ತಾ ಬಂದಿದೆ. ಆ ಪತ್ರ ತೆಗೆದುಕೊಳ್ಳುವುದೇ, ಅಥವಾ ನಿಜ ಹೇಳಿ ಇನ್ನೂ ಎಷ್ಟು ಬಾಗಿಲು ತಟ್ಟುವುದು ಎಂಬುದು ತಿಳಿಯದೆ ಬರೆಯುತ್ತಿದ್ದೇನೆ. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗಬೇಕಾದ ಗ್ರಾಚ್ಯುಟಿ ಹಣವನ್ನೂ ಕೊಟ್ಟಿಲ್ಲ.

ಉತ್ತರ ೧ (ನೇಮಕಾತಿ ವಿಭಾಗದಲ್ಲಿ ೧೪ ವರ್ಷ)

ಮಾನ್ಯರೇ, ಮೊದಲು ಪತ್ರದ ವಿಷಯ. ದಯವಿಟ್ಟು ಅದನ್ನು ಮುಟ್ಟಬೇಡಿ. ನಿಮ್ಮ ಭವಿಷ್ಯನಿಧಿಯ ಖಾತೆಗೆ ಯುಎಎನ್ ಎಂಬ, ಕೆಲಸ ಬದಲಾದರೂ ಬದಲಾಗದ ಹನ್ನೆರಡು ಅಂಕಿಯ ಒಂದೇ ಸಂಖ್ಯೆ ಇರುತ್ತದೆ, ಮತ್ತು ನೀವು ಎಲ್ಲಿ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬ ದಿನಾಂಕಗಳು ಅದರ ಸೇವಾ ವಿವರದಲ್ಲಿ ದಾಖಲಾಗಿರುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವವರು ಇಂದು ಕೇಳುವ ಮೊದಲ ಕಾಗದವೇ ಅದು. ನೀವು ಕೆಲಸವನ್ನೇ ಮಾಡದ ಕಂಪನಿಯ ಪತ್ರ ಆ ದಿನಾಂಕಗಳೆದುರು ಒಂದು ಗಂಟೆಯೂ ನಿಲ್ಲುವುದಿಲ್ಲ. ಅಲ್ಲದೆ, ಸುಳ್ಳು ದಾಖಲೆಯನ್ನು ನಿಜವೆಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಈಗ ನಿಮ್ಮ ಮೇಲೆ ಯಾವ ಪೊಲೀಸ್ ಪ್ರಕರಣವೂ ಇಲ್ಲ. ನಿಮ್ಮ ಕೈಯಲ್ಲಿ ಉಳಿದಿರುವ ಬಹಳ ದೊಡ್ಡ ಆಸ್ತಿ ಅದು. ಆರು ಸಾವಿರ ಕೊಟ್ಟು ಅದನ್ನು ಕಳೆದುಕೊಳ್ಳಬೇಡಿ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಇಟ್ಟುಕೊಳ್ಳಿ.

ಇನ್ನು ಸಂದರ್ಶನದ ಮಾತು. ನಿಮ್ಮ ಪ್ರಶ್ನೆಯಲ್ಲಿ ಒಂದು ಪದ ನನ್ನನ್ನು ತಡೆದು ನಿಲ್ಲಿಸಿತು. ಹಣವನ್ನು "ತಡವಾಗಿ ಜಮಾ ಮಾಡಿದೆ" ಎಂದು ಬರೆದಿದ್ದೀರಿ. ಬಸ್ಸು ತಪ್ಪಿ ಬ್ಯಾಂಕ್ ಮುಚ್ಚಿದ್ದರೆ ಅದು ತಡ. ನೀವು ಮಾಡಿದ್ದು ಅದಲ್ಲ, ಸಂಘದ ಹಣವನ್ನು ಸ್ವಂತ ಖರ್ಚಿಗೆ ಬಳಸಿ ಆಮೇಲೆ ಕಟ್ಟಿದ್ದು. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಮೇಜಿನ ಈಚೆ ಕುಳಿತವರಿಗೆ ಈ ಎರಡು ಮಾತುಗಳ ಅಂತರ ತಕ್ಷಣ ಕಾಣುತ್ತದೆ, ಮತ್ತು "ತಡ" ಎಂದು ಹೇಳಿದವರನ್ನು ಹಳೆಯ ಸಂಸ್ಥೆ "ದುರುಪಯೋಗ" ಎಂದು ವಿವರಿಸಿದಾಗ ನಾವು ಎರಡನೆಯದನ್ನೇ ನಂಬುತ್ತೇವೆ. ನಾನೂ ಮೂರು ವರ್ಷ ಕ್ಷೇತ್ರದಲ್ಲಿ ಕೆಲಸ ಮಾಡಿದವಳು. ಕಂತು ಆ ದಿನ ಖಾತೆಗೆ ಸೇರದಿದ್ದರೆ, ಕೂಲಿಯ ಹಣದಲ್ಲಿ ಕಂತು ತಂದುಕೊಟ್ಟ ಮಹಿಳೆಯ ಹೆಸರಿನ ಮುಂದೆ ಬಾಕಿ ಎಂದು ಬೀಳುತ್ತದೆ ಎಂಬುದು ನಿಮಗೂ ಗೊತ್ತು. ಅದನ್ನು ಅರಿತಿದ್ದೀರಿ ಎಂದು ನಿಮ್ಮ ಮಾತಿನಲ್ಲಿ ಕಂಡರೆ ಕೇಳುವವರ ಮುಖ ಬದಲಾಗುತ್ತದೆ.

ಆದ್ದರಿಂದ ಮೂರು ವಾಕ್ಯ ಸಿದ್ಧಮಾಡಿಕೊಳ್ಳಿ: "ತಾಯಿಯ ಚಿಕಿತ್ಸೆಗಾಗಿ ವಸೂಲಿಯ ೧೮,೪೦೦ ರೂಪಾಯಿಯನ್ನು ಬಳಸಿಕೊಂಡೆ, ಮೂರನೆಯ ದಿನ ಪೂರ್ತಿ ಕಟ್ಟಿದೆ. ಅದು ತಪ್ಪು, ವಿಚಾರಣೆಯಲ್ಲಿ ಒಪ್ಪಿಕೊಂಡೆ, ವಜಾಗೊಂಡೆ. ಅದಕ್ಕೆ ಮುಂಚಿನ ಆರು ವರ್ಷಗಳಲ್ಲಿ ನನ್ನ ಲೆಕ್ಕದಲ್ಲಿ ಬೇರೆ ಆಕ್ಷೇಪಣೆ ಬಂದಿಲ್ಲ." ಕೊನೆಯದು ನಿಜವಾಗಿದ್ದರೆ ಮಾತ್ರ ಹೇಳಿ. ತಾಯಿಯ ಕಾಯಿಲೆಯನ್ನು ಒಂದು ಸಲಕ್ಕಿಂತ ಹೆಚ್ಚು ಎತ್ತಬೇಡಿ. ಅವರು ವಿಚಾರಿಸುವ ಮುನ್ನವೇ, ಆಯ್ಕೆಯ ಮಾತು ಬಂದ ಕೂಡಲೇ ಹೇಳಿ. ಅರ್ಜಿಯಲ್ಲಿ "ಕ್ರಿಮಿನಲ್ ಪ್ರಕರಣ ಇದೆಯೇ" ಎಂದಿದ್ದರೆ ಇಲ್ಲ ಎಂದು, "ವಜಾಗೊಂಡಿದ್ದೀರಾ" ಎಂದಿದ್ದರೆ ಹೌದು ಎಂದು ಬರೆಯಿರಿ. ಭಯದಲ್ಲಿ ಎರಡನ್ನೂ ಒಂದೇ ಎಂದು ಭಾವಿಸುವವರನ್ನು ನೋಡಿದ್ದೇನೆ.

ಸದ್ಯಕ್ಕೆ ಕಿರುಸಾಲ, ಚಿನ್ನದ ಸಾಲ, ಬ್ಯಾಂಕಿನ ನಗದು ಕೆಲಸಗಳನ್ನು ಬಿಟ್ಟುಬಿಡಿ. ಈ ವಲಯದಲ್ಲಿ ಹಿಂದಿನ ಸಂಸ್ಥೆಯನ್ನು ಕೇಳದೆ ಸೇರಿಸಿಕೊಳ್ಳುವವರು ಅಪರೂಪ. ನಗದು ಮುಟ್ಟದ ಕೆಲಸ ಹುಡುಕಿ.

ಉತ್ತರ ೨ (ದಾವಣಗೆರೆ)

ನಾನೂ ವಜಾಗೊಂಡವನೇ. ೨೦೧೬ರಲ್ಲಿ ಹರಿಹರದ ಬಳಿಯ ಒಂದು ಕಾರ್ಖಾನೆಯಲ್ಲಿ, ಬಾರದ ಗೆಳೆಯನ ಹಾಜರಿ ಕಾರ್ಡನ್ನು ನಾನು ಪಂಚ್ ಮಾಡುತ್ತಿದ್ದೆ. ಒಂದು ಸಲವಲ್ಲ, ಎರಡು ತಿಂಗಳಲ್ಲಿ ಒಂಬತ್ತು ಸಲ. ವಜಾ ಆದೇಶ ಕೈಗೆ ಬಂದ ಮೇಲೂ ಮೂರು ವಾರ, ತಂದೆಗೆ ತಿಳಿಯಬಾರದೆಂದು, ಅಮ್ಮ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ ಹಿಡಿದು ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಿದ್ದೆ. ತುಂಗಭದ್ರೆಯ ದಂಡೆಯಲ್ಲಿ ಕುಳಿತು ಹನ್ನೊಂದು ಗಂಟೆಗೇ ಅದನ್ನು ತಿಂದು, ಸಂಜೆಯವರೆಗೆ ಕಾಯುತ್ತಿದ್ದೆ. ನಿಮ್ಮ ಮನೆಯವರಿಗೆ ಗೊತ್ತಿದೆ ಎಂದುಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಇಂದೇ ಹೇಳಿ.

ದೊಡ್ಡ ಕಾರ್ಖಾನೆಗಳಿಗೆ ಅರ್ಜಿ ಹಾಕಿ ಹನ್ನೊಂದು ತಿಂಗಳು ಕಳೆದೆ, ಫಲ ಸಿಗಲಿಲ್ಲ. ಕೊನೆಗೆ ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರ ಯಜಮಾನರ ಬಳಿ ಹೋಗಿ, ಅವರು ಕೇಳುವ ಮೊದಲೇ ವಜಾ ಆದೇಶವನ್ನು ಗಲ್ಲಾದ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿ, "ಗಲ್ಲಾ ನನ್ನ ಹತ್ತಿರ ಇರಲಿ, ಮಾಲು ನೀನು ನೋಡಿಕೋ" ಎಂದರು. ಸಂಬಳ ಹಿಂದಿನದರ ಅರ್ಧ. ಪ್ರತಿ ಬೇರಿಂಗ್, ಪ್ರತಿ ಸೀಲಿಗೂ ಚೀಟಿ ಬರೆದು, ಶನಿವಾರ ಸಂಜೆ ಅವರ ಮುಂದೆ ಎಣಿಸಿ ತೋರಿಸುತ್ತಿದ್ದೆ. ನಾಲ್ಕು ವರ್ಷದ ನಂತರ ಅವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಪತ್ರದಿಂದಲೇ ಈಗಿರುವ ಕಂಪನಿಯ ಸ್ಟೋರ್ಸ್ ವಿಭಾಗಕ್ಕೆ ಸೇರಿದೆ. ಆ ಸಂದರ್ಶನದಲ್ಲಿ ಹರಿಹರದ ವಿಷಯ ಎರಡೇ ನಿಮಿಷದಲ್ಲಿ ಮುಗಿಯಿತು.

ಉತ್ತರ ೩ (ವಕೀಲ, ಕಾರ್ಮಿಕ ಪ್ರಕರಣಗಳು)

ಗ್ರಾಚ್ಯುಟಿ ಕುರಿತು ಹೇಳುವವರಿಲ್ಲದ ಕಾರಣ ಬರೆಯುತ್ತಿದ್ದೇನೆ. ಐದು ವರ್ಷ ಪೂರೈಸಿದವರು ವಜಾಗೊಂಡರೆ ಆ ಹಣ ತಾನಾಗಿಯೇ ಹೋಗುವುದಿಲ್ಲ. ೧೯೭೨ರ ಗ್ರಾಚ್ಯುಟಿ ಕಾಯ್ದೆಯಲ್ಲೂ, ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ, ನೌಕರನಿಂದ ನಷ್ಟವಾಗಿದ್ದರೆ ಆ ನಷ್ಟದಷ್ಟು, ನೈತಿಕ ಅಧಃಪತನದ (ಅಪ್ರಾಮಾಣಿಕತೆ, ವಂಚನೆಯಂಥ) ಕೃತ್ಯವಾಗಿದ್ದರೆ ಭಾಗಶಃ ಅಥವಾ ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಇದಕ್ಕೆ ನ್ಯಾಯಾಲಯದ ಶಿಕ್ಷೆ ಆಗಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ೨೦೨೫ರ ಫೆಬ್ರವರಿಯಲ್ಲಿ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ, ಪ್ರಯಾಣಿಕರಿಂದ ಪಡೆದ ಟಿಕೆಟ್ ಹಣವನ್ನು ದುರುಪಯೋಗ ಮಾಡಿದ ಮಹಾರಾಷ್ಟ್ರದ ಬಸ್ ಕಂಡಕ್ಟರುಗಳ ವಿಷಯದಲ್ಲಿ ಮುಟ್ಟುಗೋಲನ್ನು ಶೇ. ೨೫ಕ್ಕೆ ಇಳಿಸಿತು. ನಿಮ್ಮ ಪ್ರಕರಣ ಅದಕ್ಕೆ ಬಹಳ ಹತ್ತಿರದ್ದು. ಕೊನೆಯ ಮೂಲ ವೇತನ ೧೪,೦೦೦ ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು ೧೫ರಿಂದ ಗುಣಿಸಿ, ೨೬ರಿಂದ ಭಾಗಿಸಿ, ಆರು ವರ್ಷಕ್ಕೆ ಲೆಕ್ಕ ಹಾಕಿದಾಗ ಸುಮಾರು ೪೮,೪೬೦ ರೂಪಾಯಿ ಆಗುತ್ತದೆ. ಶೇ. ೨೫ ಹೋದರೂ ೩೬,೦೦೦ಕ್ಕಿಂತ ಹೆಚ್ಚು ಉಳಿಯುತ್ತದೆ. ಮುಟ್ಟುಗೋಲಿನ ಆದೇಶ ಮಾಡಿದ್ದಾರೆಯೇ ಎಂದು ಸ್ಪೀಡ್ ಪೋಸ್ಟಿನಲ್ಲಿ ಕೇಳಿ, ಅದೇ ಪತ್ರದಲ್ಲಿ ಸೇವಾ ಅವಧಿಯ ಪ್ರಮಾಣಪತ್ರವನ್ನೂ ಕೇಳಿ. ಭವಿಷ್ಯನಿಧಿಯಲ್ಲಿ ನಿಮ್ಮ ಪಾಲೂ ಸಂಸ್ಥೆಯ ಪಾಲೂ ನಿಮ್ಮದೇ, ವಜಾದಿಂದ ಅದಕ್ಕೆ ಧಕ್ಕೆಯಿಲ್ಲ. ಬಿಟ್ಟ ದಿನಾಂಕವನ್ನು ಸಂಸ್ಥೆ ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೀವೇ ಆನ್‌ಲೈನಿನಲ್ಲಿ ನಮೂದಿಸಬಹುದು.

ವಜಾ ಆದೇಶವನ್ನೇ ಪ್ರಶ್ನಿಸುವ ಮನಸ್ಸಿದ್ದರೆ ಕಾಲಮಿತಿ ಇರುವುದರಿಂದ ತಡಮಾಡದೆ ಹಾವೇರಿಯ ಕಾರ್ಮಿಕ ಅಧಿಕಾರಿಯನ್ನು ಕಾಣಿರಿ. ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ಶಿಕ್ಷೆ ತಪ್ಪಿಗೆ ಮೀರಿದ್ದು ಎಂಬ ಒಂದೇ ವಾದ ನಿಮಗೆ ಉಳಿದಿದೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಮೂವರಿಗೂ ಕೃತಜ್ಞತೆಗಳು. ಏಜೆಂಟರಿಗೆ ಬೇಡವೆಂದು ಹೇಳಿದೆ. ಮೇಡಂ, ನೀವು ಗುರುತಿಸಿದ ಆ ಪದವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿಗೂ ನಾನು "ತಡ" ಎಂದೇ ಹೇಳಿದ್ದೆ. ಮರುದಿನ ಸರಿಯಾಗಿ ಹೇಳಿದೆ. ಮೂರು ವಾಕ್ಯಗಳನ್ನು ಅವಳ ಮುಂದೆಯೇ ಹೇಳಿ ಅಭ್ಯಾಸ ಮಾಡಿದೆ.

ಕಳೆದ ಗುರುವಾರ ನಮ್ಮೂರಿನ ಬಿತ್ತನೆ ಬೀಜದ ವ್ಯಾಪಾರಿಯೊಬ್ಬರ ಬಳಿ, ಗೋದಾಮಿನ ಲೆಕ್ಕದ ಕೆಲಸಕ್ಕಾಗಿ ಹೋಗಿ, ಆದೇಶದ ಪ್ರತಿ ಕೊಟ್ಟು ಎಲ್ಲವನ್ನೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ಆ ಸಂಘದ ಹೆಂಗಸರನ್ನು ಆಮೇಲೆ ಭೇಟಿಯಾಗಿದ್ದೀಯಾ? ಇಲ್ಲ ಎಂದೆ. ಮೂರು ತಿಂಗಳು ನೋಡೋಣ, ಸೋಮವಾರದಿಂದ ಬಾ ಎಂದಿದ್ದಾರೆ. ಗ್ರಾಚ್ಯುಟಿಯ ಪತ್ರವನ್ನು ನಿನ್ನೆ ಅಂಚೆಗೆ ಹಾಕಿದೆ. ಭಾನುವಾರ ಎರಡೂ ಹಳ್ಳಿಗಳಿಗೆ ಹೋಗಿ ಬರುತ್ತೇನೆ.