ಆರ್‌ವಿಯ ವಿದ್ಯುತ್ತು: ಸುಟ್ಟುಕೊಂಡವರ ಮಾತು

ಪ್ರಶ್ನೆ: ಕೊಲಂಬಸ್, ಒಹಾಯೊ

ನಮಸ್ಕಾರ. ಎಂಟು ವರ್ಷ ಹಳೆಯದಾದ 26 ಅಡಿಯ ಟ್ರೇಲರ್ ಒಂದನ್ನು ಕೊಂಡಿದ್ದೇವೆ, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೇ ವಾಸ ಮಾಡಬಹುದಾದ ಆರ್‌ವಿ. 30 ಆಂಪ್ ಸಂಪರ್ಕ, ಮಾಡಿನ ಮೇಲೆ ಒಂದು ಎಸಿ, ಗ್ಯಾಸ್‌ನಲ್ಲೂ ಕರೆಂಟಿನಲ್ಲೂ ನಡೆಯುವ ಫ್ರಿಜ್, ಎರಡು ಲೆಡ್ ಆಸಿಡ್ ಬ್ಯಾಟರಿ. ಮಾರಿದವರು ಕೇಬಲ್ ಕೈಗಿಟ್ಟು, ಸಿಕ್ಕಿಸಿದರೆ ಆಯಿತು ಎಂದರು. ಜುಲೈಯಲ್ಲಿ ಹಾಸನದಿಂದ ಬರುವ ಅತ್ತೆ ಮಾವನವರನ್ನು ಕರೆದುಕೊಂಡು ಎರಡು ವಾರ ಸುತ್ತುವ ಯೋಚನೆ ಇದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಗಾಡಿ ಬಯಲಿನಲ್ಲೇ ನಿಲ್ಲಬೇಕು. ಸಾಧಾರಣ ಸರ್ಜ್ ಪ್ರೊಟೆಕ್ಟರ್ ಒಂದಿದ್ದರೆ ಸಾಕು ಎಂಬುದು ನಮ್ಮ ಯಜಮಾನರ ವಾದ. ಏನಾದರೂ ಸುಟ್ಟುಕೊಂಡು ಕಲಿತವರಿದ್ದರೆ ದಯವಿಟ್ಟು ಹೇಳಿ.

ಡಲ್ಲಾಸ್‌ನಿಂದ

ಸುಟ್ಟುಕೊಂಡವನು ನಾನು. ಟೆಕ್ಸಾಸ್‌ನ ಆಗಸ್ಟ್, ಆರ್‌ವಿಗಳು ತಂಗಿ ಕರೆಂಟ್ ಪಡೆಯುವ ಕ್ಯಾಂಪ್‌ಗ್ರೌಂಡ್ ತುಂಬಿ ತುಳುಕುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಎಲ್ಲರ ಎಸಿಯೂ ಒಟ್ಟಿಗೆ ಓಡುತ್ತಿದ್ದವು. 120 ಇರಬೇಕಾದ ವೋಲ್ಟೇಜ್ ನೂರರ ಹತ್ತಿರಕ್ಕೆ ಇಳಿದಿತ್ತು. ಅದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಪಕ್ಕದವರು ಮೀಟರ್ ತಂದು ತೋರಿಸಿದಾಗ. ಎಸಿಯ ಕಂಪ್ರೆಸರ್ ಎರಡು ದಿನ ನರಳುತ್ತಾ ನಡೆದು ಮೂರನೆಯ ದಿನ ನಿಂತುಹೋಯಿತು. ವೋಲ್ಟೇಜ್ ಇಳಿದಾಗ ಮೋಟಾರು ಹೆಚ್ಚು ಕರೆಂಟ್ ಎಳೆದುಕೊಂಡು ಕಾಯುತ್ತದೆ. ಊರಿನಲ್ಲಿ ತೋಟದ ಪಂಪ್‌ಸೆಟ್ಟನ್ನು ವರ್ಷಕ್ಕೊಮ್ಮೆ ರಿವೈಂಡಿಂಗ್‌ಗೆ ಹೊತ್ತೊಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇಳಬೇಕಾದದ್ದು ಇಷ್ಟೇ: ಅಮೆರಿಕದಲ್ಲೂ ಅದೇ ಆಗುತ್ತದೆ.

ನಿಮ್ಮ ಯಜಮಾನರಿಗೆ ಹೇಳಿ, ಆ ದಿನ ನನ್ನ ಬಳಿಯೂ ಸರ್ಜ್ ಪ್ರೊಟೆಕ್ಟರ್ ಇತ್ತು. ಅದರ ಹಸಿರು ದೀಪ ಕೊನೆಯವರೆಗೂ ಉರಿಯುತ್ತಲೇ ಇತ್ತು. ಸಿಡಿಲಿನಂತೆ ಕ್ಷಣಮಾತ್ರ ಬಂದು ಹೋಗುವ ಏರಿಕೆಯನ್ನು ನುಂಗುವುದಷ್ಟೇ ಅದರ ಕೆಲಸ. ಗಂಟೆಗಟ್ಟಲೆ ಇಳಿದು ಕುಳಿತ ವೋಲ್ಟೇಜ್ ಅದಕ್ಕೆ ಕಾಣುವುದೇ ಇಲ್ಲ. ನಿಮಗೆ ಬೇಕಾದದ್ದು ಒಳಬರುವ ಕರೆಂಟನ್ನು ಸದಾ ಅಳೆಯುತ್ತಿರುವ ಇಎಂಎಸ್ ಎನ್ನುವ ಸಾಧನ. ಸಾಮಾನ್ಯವಾಗಿ 104 ವೋಲ್ಟ್‌ಗಿಂತ ಇಳಿದರೆ ಅಥವಾ 132 ದಾಟಿದರೆ ಅದು ಸಂಪರ್ಕ ಕಡಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಒಳಗೆ ಕರೆಂಟನ್ನೇ ಬಿಡುವುದಿಲ್ಲ. 30 ಆಂಪ್‌ನದು 200ರಿಂದ 300 ಡಾಲರ್ ಆಸುಪಾಸು. ಎಸಿ ಬದಲಾಯಿಸಲು ನಾನು ತೆತ್ತದ್ದು ಅದರ ಎಷ್ಟು ಪಟ್ಟು ಎಂದು ಬರೆಯಲು ಮನಸ್ಸಿಲ್ಲ.

ಒಂದು ಎಚ್ಚರಿಕೆ: ಸಿಕ್ಕಿಸಿದ ತಕ್ಷಣ ಅದು ಕರೆಂಟ್ ಬಿಡುವುದಿಲ್ಲ, ಹಲವು ಮಾದರಿಗಳು ಸುಮಾರು ಎರಡು ನಿಮಿಷ ಕಾಯುತ್ತವೆ. ನಿಂತ ಕಂಪ್ರೆಸರ್ ಒಳಗಿನ ಒತ್ತಡ ಇಳಿಯಲೆಂದು ಈ ಬಿಡುವು. ಕೆಟ್ಟಿದೆ ಎಂದುಕೊಂಡು ನಾನು ಮೊದಲ ಸಲ ನಾಲ್ಕು ಬಾರಿ ಕಿತ್ತು ಸಿಕ್ಕಿಸಿದ್ದೆ.

ಪ್ಲಗ್ ಹಾಕುವ ಮೊದಲು, ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ಕರೆಂಟ್ ಕೊಡುವ ಕಂಬದ ಪೆಟ್ಟಿಗೆಯಲ್ಲಿರುವ ಬ್ರೇಕರ್ ಆಫ್ ಇರಲಿ. ಹೊರಡುವಾಗ ಮೊದಲು ಎಸಿ, ಆಮೇಲೆ ಬ್ರೇಕರ್, ಕೊನೆಗೆ ಪ್ಲಗ್. ಲೋಡ್ ಇರುವಾಗಲೇ ಎಳೆದರೆ ಕಿಡಿ ಹಾರಿ ಪ್ಲಗ್ಗಿನ ಕಡ್ಡಿಗಳು ಕರಕಲಾಗುತ್ತವೆ, ಆಮೇಲೆ ಅಲ್ಲೇ ಬಿಸಿ ಹುಟ್ಟುತ್ತದೆ.

ಎಡಿಸನ್, ನ್ಯೂಜೆರ್ಸಿಯಿಂದ

ಮಗನ ಮನೆಯಲ್ಲಿರುವ ನಿವೃತ್ತ ಕೆಇಬಿ ನೌಕರ ನಾನು. ಡಲ್ಲಾಸ್‌ನವರ ಮಾತು ಸರಿ, ಆದರೆ ಇನ್ನೊಂದು ದೊಡ್ಡ ಅಪಾಯವನ್ನು ಬಿಟ್ಟರು. ನೋಡಿ ತಾಯಿ, ಈ 30 ಆಂಪ್ ಸಾಕೆಟ್ 120 ವೋಲ್ಟಿನದು. ಇಲ್ಲಿಯ ಹಳೆಯ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ 30 ಆಂಪ್‌ನ ಇನ್ನೊಂದು ಸಾಕೆಟ್ ಇರುತ್ತದೆ, ಅದು 240 ವೋಲ್ಟಿನದು. ಆರ್‌ವಿ ವಿಷಯ ತಿಳಿಯದ ಎಲೆಕ್ಟ್ರಿಷಿಯನ್ ಮನೆ ಮುಂದೆ ಸಾಕೆಟ್ ಹಾಕಿಕೊಡುವಾಗ 30 ಆಂಪ್ ಎಂದ ಕೂಡಲೇ 240 ಎಳೆದುಬಿಡುತ್ತಾನೆ. ಸಿಕ್ಕಿಸಿದ ಕ್ಷಣದಲ್ಲಿ ಮೈಕ್ರೋವೇವ್, ಟಿವಿ, ಫ್ರಿಜ್ಜಿನ ಬೋರ್ಡ್ ಎಲ್ಲವೂ ಹೋಗುತ್ತವೆ. ನನ್ನ ಮಗನ ಸ್ನೇಹಿತನಿಗೆ ಹೀಗೇ ಆಯಿತು. ಆದ್ದರಿಂದ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 120, ಫೇಸ್ ಮತ್ತು ಅರ್ಥ್ ನಡುವೆ 120, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಸೊನ್ನೆ. ಬೇರೆ ಏನು ತೋರಿಸಿದರೂ ಸಿಕ್ಕಿಸಬೇಡಿ.

50 ಆಂಪ್ ಗಾಡಿ ಇರುವವರಿಗೂ ಒಂದು ಮಾತು. ಅದರಲ್ಲಿ 120ರ ಎರಡು ಫೇಸ್, ನಡುವೆ ಒಂದೇ ನ್ಯೂಟ್ರಲ್. ನ್ಯೂಟ್ರಲ್ ಸಡಿಲವಾದರೆ ಒಂದು ಕಡೆಯ ದೀಪ ಮಂಕು, ಇನ್ನೊಂದು ಕಡೆಯದು ಕಣ್ಣು ಕುಕ್ಕುವಷ್ಟು ಪ್ರಖರ. ಮಳೆಗಾಲದಲ್ಲಿ ಕಂಬದ ಮೇಲೆ ನ್ಯೂಟ್ರಲ್ ಕಡಿದು ಬೀದಿಯ ಟಿವಿಗಳೆಲ್ಲ ಹೋದದ್ದನ್ನು ನೋಡಿದವರಿಗೆ ಈ ಲಕ್ಷಣ ನೆನಪಿರುತ್ತದೆ.

ಗಾಡಿಯ ಬಾಗಿಲು ಮುಟ್ಟಿದಾಗ ಕೈ ಝುಮ್ ಎಂದರೆ ಅರ್ಥಿಂಗ್ ಇಲ್ಲವೆಂದು ತಿಳಿಯಿರಿ. ಕೂಡಲೇ ಬ್ರೇಕರ್ ಇಳಿಸಿ. ಒದ್ದೆ ನೆಲದಲ್ಲಿ ಬರಿಗಾಲಿನವರನ್ನು ಹತ್ತಿರ ಬಿಡಬೇಡಿ.

ಸ್ಯಾನ್ ಹೋಸೆಯಿಂದ

ಅತ್ತೆ ಮಾವ ಬರುತ್ತಾರೆ ಎಂದಿರಿ, ಹಾಗಾಗಿ ಅಡುಗೆಮನೆಯ ಲೆಕ್ಕ ನಾನು ಹೇಳುತ್ತೇನೆ. ನಿಮ್ಮ ಕೈಯಲ್ಲಿರುವುದು 30 ಆಂಪ್, ಅಂದರೆ 3600 ವಾಟ್. ಎಸಿಗೆ 13ರಿಂದ 15 ಆಂಪ್, ವಾಟರ್ ಹೀಟರನ್ನು ಕರೆಂಟಿನಲ್ಲಿ ಇಟ್ಟರೆ ಸುಮಾರು 12, ಮೈಕ್ರೋವೇವ್‌ಗೂ ಹೆಚ್ಚುಕಡಿಮೆ ಅಷ್ಟೇ. 1800 ವಾಟ್‌ನ ಇಂಡಕ್ಷನ್ ಒಲೆಯೊಂದೇ 15 ಆಂಪ್. ಎಸಿ ಓಡುತ್ತಿರುವಾಗ ಸ್ನಾನಕ್ಕೆ ನೀರು ಕಾಯುತ್ತಿದ್ದರೆ ದೋಸೆಗೆ ಜಾಗವಿಲ್ಲ. ಮೊದಲ ಪ್ರವಾಸದಲ್ಲಿ ನಮ್ಮ ಬ್ರೇಕರ್ ಬಿದ್ದದ್ದೆಲ್ಲ ಬೆಳಗಿನ ಎಂಟು ಗಂಟೆಗೇ. ಈಗ ನೀರು ಕಾಯಿಸುವುದೂ ಫ್ರಿಜ್ಜೂ ಗ್ಯಾಸ್‌ನಲ್ಲಿ, ದೋಸೆಯೂ ಗ್ಯಾಸ್ ಒಲೆಯಲ್ಲಿ. ಹಿಟ್ಟನ್ನು ಮನೆಯಿಂದಲೇ ರುಬ್ಬಿಕೊಂಡು ಹೋಗುತ್ತೇವೆ.

ಅತ್ತೆಯವರು ಪ್ರೀತಿಯಿಂದ ಊರಿನ ಮಿಕ್ಸಿಯನ್ನು ಸೂಟ್‌ಕೇಸಿನಲ್ಲಿ ತಂದರೆ ಅದು 230 ವೋಲ್ಟಿನದು, ಇಲ್ಲಿ ಸರಿಯಾಗಿ ತಿರುಗುವುದಿಲ್ಲ. ಇಲ್ಲಿಯ ವೋಲ್ಟೇಜಿನ ಮಿಕ್ಸಿಯೇ ಇರಲಿ. ಅದನ್ನೂ ಅಗ್ಗದ ಇನ್ವರ್ಟರ್‌ಗೆ ಹಚ್ಚಬೇಡಿ. ನಾನು ಹಚ್ಚಿದೆ. ಚಟ್ನಿ ಅರ್ಧ ಆಗುವಷ್ಟರಲ್ಲಿ ಮೋಟಾರು ಗುಂಯ್‌ಗುಟ್ಟಿ ಸುಟ್ಟ ವಾಸನೆ ಬಂತು. ಪ್ಯೂರ್ ಸೈನ್ ವೇವ್ ಎಂದು ಬರೆದಿರುವುದನ್ನೇ, ಅಂದರೆ ಮನೆಯ ಕರೆಂಟಿನಂಥದ್ದನ್ನೇ ಕೊಡುವ ಇನ್ವರ್ಟರನ್ನೇ ಕೊಳ್ಳಬೇಕಂತೆ.

ಮಿನಿಯಾಪೊಲಿಸ್‌ನಿಂದ

ಚಳಿಗಾಲದ ಪಾಠ ನಮಗೆ ಬಿಡಿ. ಆಯುಧ ಪೂಜೆಯ ದಿನ ಟ್ರೇಲರಿಗೂ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಅದೇ ವಾರ ಬ್ಯಾಟರಿ ಕಳಚುತ್ತೇವೆ. ಎಲ್ಲ ಆಫ್ ಮಾಡಿದ್ದೇವೆ ಎಂದುಕೊಂಡರೂ ಗ್ಯಾಸ್ ಸೋರಿಕೆಯ ಅಲಾರಂ, ಸ್ಟೀರಿಯೊ ಎಲ್ಲವೂ ತುಸು ತುಸು ಕುಡಿಯುತ್ತಲೇ ಇರುತ್ತವೆ. ಕೆಲವೇ ವಾರಗಳಲ್ಲಿ ಬ್ಯಾಟರಿ ಬರಿದು. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಮೈನಸ್ 50 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಡೆಯುತ್ತದೆ. ಬರಿದಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಮೀಟರಿನಲ್ಲಿ 12.6 ಅಥವಾ 12.7 ತೋರಿದರೆ ತುಂಬಿದೆ, 12.1 ಎಂದರೆ ಅರ್ಧ.

ಕಳಚುವ ಮೊದಲು ಒಂದು ಫೋಟೊ ತೆಗೆದುಕೊಳ್ಳಿ. ಕಪ್ಪು ತಂತಿ ಮೈನಸ್ ಎಂಬುದು ಕಾರಿನಿಂದ ಬಂದ ಅಭ್ಯಾಸ. ಅನೇಕ ಟ್ರೇಲರ್‌ಗಳಲ್ಲಿ ಕಪ್ಪು ತಂತಿ ಪ್ಲಸ್, ಬಿಳಿಯದು ಮೈನಸ್. ಏಪ್ರಿಲ್‌ನಲ್ಲಿ ನಾನು ಉಲ್ಟಾ ಜೋಡಿಸಿದೆ. ಪುಣ್ಯಕ್ಕೆ ಕನ್ವರ್ಟರ್‌ನ (ಹೊರಗಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಯ) ರಕ್ಷಣೆಯ ಫ್ಯೂಸ್‌ಗಳಷ್ಟೇ ಹೋದವು.

ಎರಡನೆಯ ಪೆಟ್ಟು ವಾಟರ್ ಹೀಟರ್‌ದು. ಚಳಿಗಾಲಕ್ಕೆ ಟ್ಯಾಂಕ್ ಬರಿದು ಮಾಡಿ ಬೈಪಾಸ್ ವಾಲ್ವ್ ತಿರುಗಿಸಿಟ್ಟಿರುತ್ತೇವೆ. ವಸಂತದಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದು ಮರೆತೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರು ಬಂತು, ಟ್ಯಾಂಕ್ ತುಂಬಿದೆ ಎಂದುಕೊಂಡು ಸ್ವಿಚ್ ಹಾಕಿದೆ. ನೀರು ಟ್ಯಾಂಕ್ ಮುಟ್ಟದೆ ಪಕ್ಕದಿಂದಲೇ ಹರಿದಿತ್ತು, ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟಿತು. ಅಕ್ಟೋಬರ್‌ನಲ್ಲೇ ಹೀಟರಿನ ಬ್ರೇಕರ್ ಇಳಿಸಿ ಅದರ ಮೇಲೆ ಟೇಪ್ ಹಚ್ಚಿ.

ಉಳಿದದ್ದು ಬೇಗ ಹೇಳುತ್ತೇನೆ. ಫ್ರಿಜ್ಜಿನ ಬಾಗಿಲಿಗೆ ಟವೆಲ್ ಸಿಕ್ಕಿಸಿ ತೆರೆದಿಡಿ. ಕೇಬಲ್ ಒಳಹೋಗುವ ತೂತಿಗೆ ತಾಮ್ರದ ಜಾಲರಿ ತುರುಕಿ, ಇಲಿಗೆ ತಂತಿಯ ಹೊದಿಕೆ ಎಂದರೆ ಹೋಳಿಗೆ.

ಮತ್ತೆ ಕೊಲಂಬಸ್‌ನಿಂದ

ಎಲ್ಲರಿಗೂ ಧನ್ಯವಾದ. ಬ್ಯಾಟರಿ ಕಳಚುವ ಬದಲು ಚಳಿಗಾಲವಿಡೀ ಮನೆಯ ಕರೆಂಟಿಗೆ ಹಚ್ಚಿಟ್ಟರೆ ಆಗದೆ?

ಮಿನಿಯಾಪೊಲಿಸ್‌ನಿಂದ

ಕನ್ವರ್ಟರ್ ಹಂತ ಹಂತವಾಗಿ ಚಾರ್ಜ್ ಇಳಿಸುವಂಥದ್ದಾದರೆ ಆಗುತ್ತದೆ. ಹಳೆಯ ಏಕಹಂತದ್ದಾದರೆ ಬ್ಯಾಟರಿಯ ನೀರು ಆರುತ್ತದೆ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಮುಂದೆ ಲಿಥಿಯಂ ಬ್ಯಾಟರಿ ಕೊಂಡರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬೇಡಿ. ನಾನಾಗಿದ್ದರೆ ಕಳಚಿ ಗ್ಯಾರೇಜಿನಲ್ಲಿ ಇಡುತ್ತೇನೆ.

ಡಲ್ಲಾಸ್‌ನಿಂದ

ಮನೆಯ ಕರೆಂಟಿಗೆ ಹಚ್ಚುವುದಾದರೆ ಹುಲ್ಲು ಕತ್ತರಿಸುವ ಯಂತ್ರದ ಸಣಕಲು ಎಕ್ಸ್‌ಟೆನ್ಷನ್ ವೈರ್ ಮಾತ್ರ ಬೇಡ. ಅಂದಹಾಗೆ, ಮಾರಿದವರು ಕೊಟ್ಟ ಕೇಬಲ್ಲಿನ ಪ್ಲಗ್ ನೋಡಿದಿರಾ?

ಕೊಲಂಬಸ್‌ನಿಂದ

ಈಗ ನೋಡಿದೆವು. ಒಂದು ಕಡ್ಡಿ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿದೆ. ಯಜಮಾನರು ಮಾತಾಡದೆ ಹೊಸ ಕೇಬಲ್ಲನ್ನೂ ಇಎಂಎಸ್‌ನ್ನೂ ಒಟ್ಟಿಗೆ ಆರ್ಡರ್ ಮಾಡಿದರು. ಮಲ್ಟಿಮೀಟರ್ ಕೈಗೆ ಸಿಕ್ಕಾಗಿನಿಂದ ಮನೆಯ ಸಾಕೆಟ್‌ಗಳನ್ನೆಲ್ಲ ಅಳೆಯುತ್ತಾ ಓಡಾಡುತ್ತಿದ್ದಾರೆ.