ಮೊದಲ ಬಾರಿ ಮಸಾಜ್ ಥೆರಪಿಗೆ ಹೋಗುತ್ತಿದ್ದೇನೆ, ಒಳಗೆ ಏನೇನು ನಡೆಯುತ್ತದೆ?

ಕರಡುತಿದ್ದುವವಳು:

11 ವರ್ಷಗಳಿಂದ ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ದಿನವಿಡೀ ಕತ್ತು ಬಗ್ಗಿಸಿ ಕೂತು ಕೂತು, ಬಲ ಹೆಗಲ ಹಲಗೆಮೂಳೆಯ ಮೇಲ್ತುದಿಯಲ್ಲಿ ಗೋಲಿಯಂಥ ಗಂಟೊಂದು ಕೈಗೆ ಸಿಗುತ್ತದೆ. ಒತ್ತಿದರೆ ನೋವು ಕತ್ತಿನುದ್ದಕ್ಕೂ ಏರುತ್ತದೆ. ವೈದ್ಯರು ಪರೀಕ್ಷಿಸಿ, ಮೂಳೆಯಲ್ಲಿ ತೊಂದರೆಯಿಲ್ಲ, ಸ್ನಾಯು ಬಿಗಿದುಕೊಂಡಿದೆ, ಬೇಕಿದ್ದರೆ ಮಸಾಜ್ ಥೆರಪಿ ಮಾಡಿಸಿಕೊಳ್ಳಿ ಎಂದರು. ಗುರುವಾರಕ್ಕೆ 60 ನಿಮಿಷಗಳ ಸಮಯ ಗೊತ್ತುಮಾಡಿದ್ದೇನೆ. ಆದರೆ ದಿನ ಹತ್ತಿರವಾದಂತೆ ಅಳುಕು ಹೆಚ್ಚುತ್ತಿದೆ. ಬಟ್ಟೆ ಎಷ್ಟು ಕಳಚಬೇಕು? ನೋವಾದರೆ ಹಲ್ಲು ಕಚ್ಚಿ ಸಹಿಸಬೇಕೇ? ಗಂಟು ಒಂದೇ ಸಲಕ್ಕೆ ಹೋಗುತ್ತದೆಯೇ? ಇದನ್ನೆಲ್ಲ ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ.

ಅಂಗೈ:

ಇಲ್ಲಿ ಕೇಳಿದ್ದು ಒಳ್ಳೆಯದಾಯಿತು. ನಾನು 14 ವರ್ಷಗಳಿಂದ ಇದೇ ವೃತ್ತಿಯಲ್ಲಿದ್ದೇನೆ. ಇಂಥ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬಂದು ಮಲಗುವವರ ಮೈ ಕಟ್ಟಿಗೆಯಂತಿರುತ್ತದೆ. ಮೊದಲ ಕಾಲು ಗಂಟೆ ಆ ಅಂಜಿಕೆ ಇಳಿಸುವುದರಲ್ಲೇ ಕಳೆಯುತ್ತದೆ.

ಕೋಣೆಗೆ ಕಾಲಿಟ್ಟ ಕೂಡಲೇ ಯಾರೂ ಮೈ ಮುಟ್ಟುವುದಿಲ್ಲ. ಮೊದಲು ಮಾತುಕತೆ. ನೋವು ಎಲ್ಲಿದೆ, ಯಾವಾಗ ಹೆಚ್ಚುತ್ತದೆ, ಶಸ್ತ್ರಚಿಕಿತ್ಸೆ ಆಗಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ಗರ್ಭಿಣಿಯೇ ಎಂದೆಲ್ಲ ಕೇಳುತ್ತಾರೆ. ಸಂಕೋಚಪಟ್ಟು ಯಾವುದನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಾಗಿ ಒತ್ತಿದರೆ ಚರ್ಮದಡಿ ರಕ್ತ ಕಟ್ಟುತ್ತದೆ. ಬಾದಾಮಿಯಂಥ ಬೀಜಗಳು ಮೈಗೆ ಆಗದಿದ್ದರೆ ಎಣ್ಣೆ ಬದಲಿಸಬೇಕಾಗುತ್ತದೆ. ಜ್ವರವೋ ಚರ್ಮದ ಸೋಂಕೋ ಇದ್ದರೆ ಆ ದಿನ ಬೇಡವೇ ಬೇಡ. ತೋಳು ಜೋಮು ಹಿಡಿಯುವುದು, ಕೈಯಲ್ಲಿ ಬಲ ಕುಗ್ಗುವುದು ಕಂಡರೆ ನಮ್ಮ ಬಳಿಗಲ್ಲ, ಮತ್ತೆ ವೈದ್ಯರ ಬಳಿಗೇ ಹೋಗಿ.

ಬಟ್ಟೆಯ ಮಾತು. ನಿಮಗೆ ಮುಜುಗರವಾಗದಷ್ಟು ಮಾತ್ರ ಕಳಚಿ. ನಾವು ಹೊರಗೆ ಹೋಗುತ್ತೇವೆ. ನೀವು ಹೊದಿಕೆಯಡಿ ಮಲಗಿದ ಮೇಲೆ ಬಾಗಿಲು ತಟ್ಟಿ ಒಳಗೆ ಬರುತ್ತೇವೆ. ಯಾವ ಭಾಗದ ಮೇಲೆ ಕೆಲಸವೋ ಅಷ್ಟನ್ನೇ ತೆರೆದು, ಮುಗಿದ ಕೂಡಲೇ ಮುಚ್ಚುತ್ತೇವೆ. ಬಟ್ಟೆ ತೆಗೆಯುವುದೇ ಬೇಡ ಎನ್ನಿಸಿದರೆ ಶಿಯಾಟ್ಸು, ಥಾಯ್ ಮಸಾಜ್‌ನಂಥವು ಇವೆ. ಅವುಗಳಲ್ಲಿ ಎಣ್ಣೆಯಿಲ್ಲದೆ ಬಟ್ಟೆಯ ಮೇಲಿಂದಲೇ ಒತ್ತುತ್ತಾರೆ. ಹೊದಿಕೆಯ ವಿಷಯದಲ್ಲಿ ಯಾರೇ ಅಸಡ್ಡೆ ತೋರಿದರೂ ಎದ್ದು ಬನ್ನಿ. ಕಾರಣ ಹೇಳುವ ಅಗತ್ಯವಿಲ್ಲ.

ಬೋರಲು ಮಲಗಿದಾಗ ಮುಖಕ್ಕೆ ಉಂಗುರದಂಥ ದಿಂಬು, ಕಾಲಿನ ಮಣಿಕಟ್ಟಿನಡಿ ಉರುಟು ದಿಂಬು ಇರುತ್ತದೆ. ಮೊದಲು ಅಂಗೈಯಿಂದ ಉದ್ದಕ್ಕೆ ನೀವುತ್ತಾರೆ, ಸ್ನಾಯು ಬೆಚ್ಚಗಾದ ಮೇಲೆ ನಾದುತ್ತಾರೆ, ಬೆರಳ ತುದಿಯ ಕೆಲಸ ಕೊನೆಗೆ. (ಇದನ್ನು ಸ್ವೀಡಿಷ್ ಮಸಾಜ್ ಎನ್ನುತ್ತಾರೆ, ಆದರೆ ಈ ವರಸೆಗಳನ್ನು ವಿಂಗಡಿಸಿ ಬಳಕೆಗೆ ತಂದ ಶ್ರೇಯಸ್ಸು ಸಲ್ಲುವುದು 19ನೆಯ ಶತಮಾನದ ಡಚ್ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್‌ಗರ್ ಅವರಿಗೆ.)

ನೀವು ಹೇಳಿದ ಜಾಗವನ್ನು ಓದಿದರೆ ಲೆವೇಟರ್ ಸ್ಕಾಪುಲೆ ಎಂಬ ಸ್ನಾಯುವಿನ ನೆನಪಾಗುತ್ತದೆ. ಅದು ಕತ್ತಿನ ಮೇಲಿನ 4 ಕಶೇರುಕಗಳಿಂದ (ಬೆನ್ನೆಲುಬಿನ ಮಣಿಗಳಿಂದ) ಹೊರಟು ಹಲಗೆಮೂಳೆಯ ಒಳಮೂಲೆಗೆ ಬಂದು ಅಂಟಿಕೊಳ್ಳುತ್ತದೆ. ತಲೆ ತಗ್ಗಿಸಿದಷ್ಟು ಹೊತ್ತೂ ಅದು ಜಗ್ಗಿಕೊಂಡೇ ಇರುತ್ತದೆ. ಅಂಥ ಗಂಟಿನ ಮೇಲೆ ನಾನು ಹೆಬ್ಬೆರಳಿಟ್ಟು ಸುಮ್ಮನೆ ಕಾಯುತ್ತೇನೆ. ಆಗ ಮಲಗಿದವರ ಮುಖ ನನಗೆ ಕಾಣುವುದಿಲ್ಲ, ಹಾಗಾಗಿ ಪಾದ ನೋಡುತ್ತೇನೆ. ಕಾಲ್ಬೆರಳುಗಳು ಮಡಚಿಕೊಂಡವೇ, ಉಸಿರು ನಿಂತಿತೇ, ಹಾಗಿದ್ದರೆ ನನ್ನ ಕೈ ಭಾರವಾಯಿತು ಎಂದೇ ಅರ್ಥ. ಅರ್ಧದಷ್ಟು ಸಡಿಲಿಸುತ್ತೇನೆ. ಉಸಿರು ಮತ್ತೆ ಹೊಟ್ಟೆಗಿಳಿದಾಗ ಬೆರಳಿನಡಿ ಸ್ನಾಯು ತಾನಾಗಿ ಮೆತ್ತಗಾಗುತ್ತದೆ.

ಆದ್ದರಿಂದ ದಯವಿಟ್ಟು ಹಲ್ಲು ಕಚ್ಚಬೇಡಿ. ಹತ್ತರಲ್ಲಿ ಐದಾರು ಎನ್ನುವಷ್ಟು, ‘ಹೌದು, ಅಲ್ಲೇ’ ಎನ್ನಿಸುವ ನೋವು ಸರಿ. ಅದಕ್ಕೂ ಹೆಚ್ಚಾದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ, ನಮ್ಮ ಶ್ರಮವೆಲ್ಲ ನೀರಲ್ಲಿ ಹೋಮ. ‘ನೋವಾದಷ್ಟೂ ಗುಣ’ ಎಂಬ ನಂಬಿಕೆಯಿಂದ ಮೈತುಂಬ ನೀಲಿಗಟ್ಟಿಸಿಕೊಂಡು ಬಂದವರನ್ನು ನೋಡಿದ್ದೇನೆ. ತುಂಬ ಸಂಕಟವಾಗುತ್ತದೆ.

ಒಂದೇ ಸಲಕ್ಕೆ ಹೋಗುವ ಭರವಸೆ ಕೊಡಲಾರೆ. ಸೊಂಟನೋವಿಗೆ ಮಸಾಜ್ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಕೂಡ ಸ್ವಲ್ಪ ಕಾಲದ ಉಪಶಮನ ಕಂಡಿದೆ, ಆದರೆ ಪುರಾವೆ ದುರ್ಬಲ ಎಂದೇ ಹೇಳುತ್ತದೆ. ನಿಮ್ಮದು ಹೆಗಲಿನ ನೋವು. ಆದರೂ ನನ್ನ ಅನುಭವ ಅದೇ ದಾರಿಯದು. ಮರುದಿನ ಹೊಸದಾಗಿ ವ್ಯಾಯಾಮ ಮಾಡಿದಂತೆ ಮೈಕೈ ನೋಯಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದನ್ನು ‘ವಿಷ ಹೊರಬರುತ್ತಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ಬಾಯಾರಿಕೆಯಾದಷ್ಟು ಕುಡಿದರೆ ಸಾಕು.

ಹಳೆಯ ಓಟಗಾರ:

ಮುಚ್ಚಿಡಬೇಡಿ ಎಂಬ ಮಾತಿಗೆ ನನ್ನ ಕಾಲಿನ ಕಥೆ ಸೇರಿಸುತ್ತೇನೆ. ದೂರದ ಪ್ರಯಾಣ ಮುಗಿಸಿ ಬಂದ ಎರಡನೆಯ ದಿನ ಎಡಗಾಲಿನ ಮೀನಖಂಡ ನೋಯತೊಡಗಿತು. ಸ್ನಾಯು ಹಿಡಿದಿದೆ ಎಂದುಕೊಂಡು ನೇರವಾಗಿ ಮಸಾಜ್‌ಗೆ ಹೋದೆ. ಆಕೆ ಎಣ್ಣೆ ಮುಟ್ಟುವ ಮೊದಲು ಎರಡೂ ಕಾಲಿಗೆ ಮುಂಗೈಯ ಹಿಂಬದಿ ತಾಗಿಸಿ ನೋಡಿದರು, ಆಮೇಲೆ ಟೇಪಿನಿಂದ ಸುತ್ತಳತೆ ತೆಗೆದರು. ಎಡಗಾಲು ಬಿಸಿಯಾಗಿತ್ತು, ಊದಿತ್ತು. “ಇದನ್ನು ನಾನು ಮುಟ್ಟುವುದಿಲ್ಲ, ಈಗಲೇ ಆಸ್ಪತ್ರೆಗೆ ಹೋಗಿ” ಎಂದರು. ಸಿಟ್ಟು ಮಾಡಿಕೊಂಡೇ ಹೊರಬಂದೆ. ಸ್ಕ್ಯಾನಿಂಗ್‌ನಲ್ಲಿ ಆಳದ ರಕ್ತನಾಳದಲ್ಲಿ ಹೆಪ್ಪು ಕಂಡಿತು. ತಿಕ್ಕಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿತ್ತು ಎಂದು ವೈದ್ಯರು ಹೇಳಿದರು. ಅಂದು ನನ್ನನ್ನು ಮುಟ್ಟದೆ ಕಳುಹಿಸಿದ ಆ ಕೈಗಳಿಗೆ ನಾನು ಋಣಿ.

ಕರಡುತಿದ್ದುವವಳು:

ಗುರುವಾರ ಹೋಗಿ ಬಂದೆ. ಇಬ್ಬರಿಗೂ ಕೃತಜ್ಞತೆಗಳು. ಮೇಲಂಗಿ ಮಾತ್ರ ತೆಗೆದೆ, ಯಾರೂ ಏನೂ ಅನ್ನಲಿಲ್ಲ. ಗಂಟಿನ ಮೇಲೆ ಒತ್ತಿದಾಗ ನನ್ನ ಕಾಲ್ಬೆರಳು ಮಡಚಿಕೊಂಡದ್ದು ನನಗೇ ಗೊತ್ತಾಯಿತು. “ಸ್ವಲ್ಪ ಕಡಿಮೆ ಮಾಡಿ” ಎಂದೆ. ಅಷ್ಟು ಹೇಳಲು ಗಂಟಲು ಕಟ್ಟಿತ್ತು, ಹೇಳಿದ ಮೇಲೆ ಏಕೋ ಕಣ್ಣೀರು ಬಂತು, ದಿಂಬಿನ ಉಂಗುರದೊಳಗಿಂದ ನೆಲಕ್ಕೆ ತೊಟ್ಟಿಕ್ಕಿತು. ಆಕೆ ಏನೂ ಕೇಳದೆ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು. ಗಂಟು ಇನ್ನೂ ಇದೆ, ಆದರೆ ಹೊರಳಿ ಹಿಂದೆ ನೋಡುವಾಗ ಕತ್ತು ಮೊದಲಿನಂತೆ ಸೆಳೆಯುತ್ತಿಲ್ಲ. ಹೀಗೆ ಅಳು ಬರುವುದು ಸಹಜವೇ?

ಅಂಗೈ:

ಸಹಜ. ನನ್ನ ಮೇಜಿನ ಮೇಲೆ ಅತ್ತವರು ಅನೇಕರಿದ್ದಾರೆ, ಅದಕ್ಕಾಗಿ ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಇನ್ನೊಂದು ಕೆಲಸ ಮಾಡಿ: ಕರಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಡಿ. ಓರೆ ಹಲಗೆಯೊಂದನ್ನು ನಿಲ್ಲಿಸಿ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸಿ. ಮುಂದಿನ ಸಲ ಹೋದಾಗ ಗಂಟಿನಿಂದಲ್ಲ, ಕತ್ತಿನ ಬಲಬದಿಯಿಂದ ಆರಂಭಿಸಲು ಹೇಳಿ.