ಅಪ್‌ಡೇಟ್: ಜಗಲಿಯ ಪ್ಲಾಸ್ಟಿಕ್ ಸ್ಟೂಲಿನ ವಿಚಾರ

ಕಾಸರಗೋಡಿನ ನಮ್ಮ ಮನೆಯ ಜಗಲಿಗೆ ಡಮರುಗದ ಆಕಾರದ ಪ್ಲಾಸ್ಟಿಕ್ ಸ್ಟೂಲು ತರಬಹುದೇ, ಅದು ಅಮ್ಮನ ಭಾರ ತಾಳೀತೇ ಎಂದು ಬೇಸಗೆಯಲ್ಲಿ ನಿಮ್ಮನ್ನು ಕೇಳಿದ್ದೆ. ತಂದೆವು, ಒಂದು ಮಳೆಗಾಲವೂ ಕಳೆಯಿತು. ಭಾರದ ಬಗೆಗಿನ ಅಂಜಿಕೆ ಅನಗತ್ಯವಾಗಿತ್ತು.

ಈ ಆಕಾರದ ಮೂಲ, ಫ್ರಾನ್ಸಿನ ಆನ್ರಿ ಮಾಸೊನೆ 1968ರಲ್ಲಿ ಮೀನು ಹಿಡಿಯುವವರಿಗೆಂದು ರೂಪಿಸಿದ ‘ಟಾಮ್ ಟಾಮ್’ ಸ್ಟೂಲು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎರಡು ಭಾಗಗಳನ್ನು ನಡುವಿನಲ್ಲಿ ಜೋಡಿಸಿ, ಮೇಲೆ ಮುಚ್ಚಳದಂತೆ ಆಸನವನ್ನು ಕೂರಿಸುವುದರಿಂದ ಅದನ್ನು ಬಿಚ್ಚಿ ಒಯ್ಯಲೂ ಬರುತ್ತದೆ. ನಾವು ಕೊಂಡದ್ದು ಅದರ ಅಗ್ಗದ ಅನುಕರಣೆ. ಅಸಲಿಗೆ ಕೊಡುವ ಹಣಕ್ಕೆ ಹಲಸಿನ ಮರದ್ದನ್ನೇ ಮಾಡಿಸಬಹುದಿತ್ತೆಂಬುದು ಅಮ್ಮನ ಅಭಿಪ್ರಾಯ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ರೆಡ್‌ಆಕ್ಸೈಡ್ ನೆಲ ಮಳೆಯ ಎರಚಲಿಗೆ ಒದ್ದೆಯಾಗಿದ್ದಾಗ ಸ್ಟೂಲು ಜಾರಿ, ಬಸಳೆಯ ಎಲೆ ಬಿಡಿಸುತ್ತಿದ್ದ ಅಮ್ಮ ಇನ್ನೇನು ಬೀಳುವುದರಲ್ಲಿದ್ದರು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬುಡದ ಅಂಚಿಗೆ ಸುತ್ತಲೂ ಅಂಟಿಸಿದ ಮೇಲೆ ಜಾರುವುದು ನಿಂತಿದೆ. ಬಿಸಿಲಿನ ವಿಷಯದಲ್ಲಿ ನೀವು ಎಚ್ಚರಿಸಿದ್ದು ಸರಿ: ನೇರಳಾತೀತ ಕಿರಣಗಳಿಗೆ ಪಾಲಿಪ್ರೊಪಿಲೀನ್ ಕ್ರಮೇಣ ಪೆಡಸಾಗಿ ಬಿರಿಯುತ್ತದೆ, ನಮ್ಮದರಲ್ಲಿ ಅಂಗಳದ ಕಡೆಗಿದ್ದ ಮಗ್ಗುಲಿನ ಹಳದಿ ಬಣ್ಣ ಆಗಲೇ ಮಾಸಿದೆ. ಆದ್ದರಿಂದ ಅದನ್ನೀಗ ಚಾವಡಿಯೊಳಗೆ ಇರಿಸಿದ್ದೇವೆ. ಅದರ ಪೊಳ್ಳಿನೊಳಗೆ ಅಮ್ಮ ಹಳೆಯ ಪತ್ರಿಕೆಗಳನ್ನು ತುಂಬಿಟ್ಟಿದ್ದಾರೆ.